ಬಾಗಿಲ ಹಿಂದಿನ ಬಟ್ಟೆಚೀಲ

ನಿಮ್ಮನ್ನೇ ಕೇಳ್ತಿರೋದು ರೀ, ಆ ಕಡೆ ನೋಡ್ಬೇಡಿ. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ಎಷ್ಟು ಬಟ್ಟೆಚೀಲ ನೇತಾಡ್ತಿವೆ? ಮದುವೆ, ಗೃಹಪ್ರವೇಶ, ಸೀಮಂತ ಅಂತ ಕೊಟ್ಟ ತಾಂಬೂಲದ ಚೀಲಗಳೇ ಒಂದು ರಾಶಿ. ವಧೂವರರ ಹೆಸರೂ ಪ್ರಿಂಟ್ ಆಗಿದೆ. (ಆ ಜೋಡಿಯ ಮಗು ಈಗ ಸ್ಕೂಲಿಗೆ ಹೋಗ್ತಿದೆ. ಚೀಲಕ್ಕೆ ಮಾತ್ರ ಹೊಸಿಲು ದಾಟೋ ಯೋಗ ಬಂದಿಲ್ಲ.)

ಈಗ ಜೂನ್ 5ರ ಪರಿಸರ ದಿನದ ನಿಮ್ಮ ಸ್ಟೇಟಸ್ ನೆನಪಿಸ್ಕೊಳ್ಳಿ. ಹಸುವಿನ ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೀತಿರೋ ವಿಡಿಯೋ, ಕೆಳಗೆ ಅಳೋ ಎಮೋಜಿಗಳ ಸಾಲು. ಅದೇ ಸಂಜೆ ಸೊಪ್ಪಿನಮ್ಮನ ಹತ್ರ ಏನಂದ್ರಿ? "ಒಂದು ಕವರ್ ಹಾಕ್ಕೊಡಮ್ಮಾ." ಆಯಮ್ಮ "ಕವರ್ ಇಲ್ಲ ಸ್ವಾಮಿ, ದಂಡ ಹಾಕ್ತಾರೆ" ಅಂದಿದ್ದೇ ತಡ, ಸೊಪ್ಪು ಅಲ್ಲೇ ಬಿಟ್ಟು ಪಕ್ಕದ ಗಾಡಿಗೆ ಹೋದ್ರಿ. ಅಲ್ಲಿ ಸಿಕ್ತಲ್ಲ, ಗೋಣಿ ಕೆಳಗಿಂದ ಕದ್ದು ತೆಗೆದುಕೊಟ್ಟ ತೆಳ್ಳನೆ ಕವರ್! ಕಾನೂನು ಪಾಲಿಸಿದೋಳಿಗೆ ವ್ಯಾಪಾರ ಹೋಯ್ತು. ಬಾಡಿದ ಸೊಪ್ಪು ಅವಳ ಪಾಲಿಗೆ.

ಕಾನೂನೇನು ನಿನ್ನೆ ಮೊನ್ನೇದಾ? 2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯದಲ್ಲಿ ಕ್ಯಾರಿಬ್ಯಾಗ್ ಬ್ಯಾನ್ ಆಯ್ತು. ಜೊತೆಗೆ ಪ್ಲಾಸ್ಟಿಕ್ ತಟ್ಟೆ, ಲೋಟ, ಊಟದ ಟೇಬಲ್ ಮೇಲೆ ಹಾಸೋ ಹಾಳೆ, ಫ್ಲೆಕ್ಸ್ ಕೂಡ. 2022ರ ಜುಲೈ 1ರಿಂದ ಕೇಂದ್ರದವರು ಸ್ಟ್ರಾ, ಕಿವಿಕಡ್ಡಿವರೆಗೂ ಇಳಿದ್ರು.

ಆಮೇಲೂ ನಿಮ್ಮ ಬಡಾವಣೆ ಸಂಘದ "ಪ್ಲಾಸ್ಟಿಕ್ ತ್ಯಜಿಸಿ" ಜಾಥಾಕ್ಕೆ ಬ್ಯಾನರ್ ಯಾವುದರಲ್ಲಿ ಮಾಡ್ಸಿದ್ರಿ, ಹೇಳಿ ನೋಡೋಣ? (ಬಟ್ಟೆ ಮೇಲೆ ಬರೆಯೋರು ಸಿಗಲ್ಲ ಅಂತೀರಿ. ಫ್ಲೆಕ್ಸ್ ಬಂದ್ಮೇಲೆ ಅವರಿಗೆ ಕೆಲಸ ಕೊಟ್ಟೋರು ಯಾರು?) ಮೂಲೇಲಿ ಕೈ ಮುಗಿದ ನಿಮ್ಮ ಫೋಟೋ ಬೇರೆ. ಕಲರ್ ಚೆನ್ನಾಗಿ ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ.

"ನಾನು ಕವರ್ ಎಸೆಯೋಳಲ್ಲ, ಎತ್ತಿಡ್ತೀನಿ" ಅಂದ್ರಾ ಅಮ್ಮಾವ್ರೇ? ಗೊತ್ತು, ಗೊತ್ತು. ಸಿಂಕ್ ಕೆಳಗೆ ಒಂದು ದೊಡ್ಡ ಕವರು, ಅದರ ಹೊಟ್ಟೆ ತುಂಬ ಮರಿ ಕವರುಗಳು. ಸೊಸೆ ಮುಟ್ಟಿದ್ರೆ ಮನೇಲಿ ಕುರುಕ್ಷೇತ್ರ. ಕೊನೆಗೆ ಒಂದೊಂದೂ ಹಸಿ ಕಸ ತುಂಬಿಸ್ಕೊಂಡು, ಗಂಟು ಬಿಗಿಸ್ಕೊಂಡು ಹೋಗೋದು ಕಸದ ಗಾಡಿಗೇ ತಾನೆ? ಆ ಗಂಟನ್ನ ಇನ್ನೊಬ್ಬಳು ಹೆಣ್ಮಗಳು ಬರಿಗೈಲಿ ಬಿಚ್ಚಿ ಸುರೀತಿರ್ತಾಳೆ. ನೀವು ಬಾಲ್ಕನಿಯಿಂದ ಎದುರುಮನೆಯೋರಿಗೆ "ಈ ಜನಕ್ಕೆ ಬುದ್ಧಿ ಯಾವಾಗ ಬರುತ್ತೋ!" ಅಂತಿರ್ತೀರಿ.

ಏನಂದ್ರಿ? ಸ್ಕೂಟರ್ ಡಿಕ್ಕಿಯಲ್ಲಿ ಒಂದು ಚೀಲ ಇಟ್ಟೇ ಇದೀರಾ? ಇದೆ, ಯಾರು ಇಲ್ಲ ಅಂದ್ರು? ಆದ್ರೆ ಟೊಮೇಟೊ, ಬೀನ್ಸ್ ಎಲ್ಲ ತೂಗಿಸಿ ಆದ್ಮೇಲೇ ಅದು ನೆನಪಾಗೋದು. ಸ್ಕೂಟರ್ ನಿಂತಿರೋದು ಹತ್ತು ಹೆಜ್ಜೆ ಆಚೆ. ಹೋಗಿ ತರ್ತೀರಾ? ಯೋಚ್ನೆ ಮಾಡಿ, ಅರ್ಜೆಂಟಿಲ್ಲ. ಅಷ್ಟರಲ್ಲಿ ಅಂಗಡಿಯವನೇ ಕವರ್ ಉಜ್ಜಿ, ಊದಿ, ಬಾಯಿ ಬಿಡಿಸಿ ಹಿಡಿದಿರ್ತಾನೆ.