ಫ್ಯಾನಿಗೊಂದು ಥೆರಪಿ

ಮಕ್ಕಳ ನಡವಳಿಕೆ ತಿದ್ದುವವಳೆಂದು ಶಾಲೆಗಳು ನನ್ನನ್ನು ಕರೆಸುತ್ತವೆ. ನನ್ನ ನಡವಳಿಕೆ ಮೊದಲೇ ಗೊತ್ತಿದ್ದರೆ ಕರೆಸುತ್ತಿದ್ದವೋ ಇಲ್ಲವೋ. ನನಗೆ ಎಡಿಎಚ್‌ಡಿ ಇದೆ, ಜೊತೆಗೆ ಆಟಿಸಮ್ಮೂ ಇದೆ ಎಂದು ತಿಳಿದದ್ದು ಮೂವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ಎರಡಕ್ಕೂ ಸೇರಿಸಿ ‘ಕೊಬ್ಬು’ ಎನ್ನುತ್ತಿದ್ದರು.

ಸದ್ದು, ವಾಸನೆ ತಡೆಯಲಾಗದ ಇಂಥವಳಿಗೆ ವಾಸಕ್ಕೆ ಯಶವಂತಪುರವೇ ಬೇಕಿತ್ತೇ? ಒಂದು ಕಡೆ ಜಂಕ್ಷನ್ನಿನ ರೈಲು ಹಾರನ್ನು, ಇನ್ನೊಂದು ಕಡೆ ತುಮಕೂರು ರಸ್ತೆಯ ಲಾರಿಗಳದ್ದು, ನಡುವೆ ಎಪಿಎಂಸಿ ಯಾರ್ಡಿನ ಈರುಳ್ಳಿ ಘಾಟು. ತಪ್ಪಿಸಿಕೊಳ್ಳಲು ಮೆಟ್ರೊ ಹತ್ತಿದರೆ ಮುಂದಿನ ಸ್ಟೇಷನ್ನೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಊರಿಗೆಲ್ಲ ಆಹಾ ಎನಿಸುವ ಗಂಧ ನನ್ನ ತಲೆಯೊಳಗೆ ಬಾಡಿಗೆ ಕೊಡದ ಬಿಡಾರದವನ ಹಾಗೆ ಸಂಜೆಯವರೆಗೂ ಕೂತಿರುತ್ತದೆ.

ಮೊನ್ನೆ ಇಲ್ಲೇ ಒಂದು ಶಾಲೆಯಿಂದ ಕರೆ ಬಂತು. ಎರಡನೇ ಕ್ಲಾಸಿನ ಹುಡುಗ. ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಇಳಿಯುತ್ತಾನಂತೆ. ಮಾತನಾಡಿಸಿದರೆ ಮಾದಾವರದಿಂದ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಮೆಟ್ರೊ ಸ್ಟೇಷನ್ನುಗಳ ಹೆಸರು ಒಪ್ಪಿಸುತ್ತಾನಂತೆ. (ಯಾರ್ಡಿನಲ್ಲಿ ಈರುಳ್ಳಿ ದರವನ್ನು ಒಂದೇ ಸಮ ಕೂಗುವವನು ದಲ್ಲಾಳಿ, ಕ್ಲಾಸಿನಲ್ಲಿ ಸ್ಟೇಷನ್ ಹೆಸರು ಕೂಗುವವನು ಕೇಸು.) ‘ಸರಿ ಮಾಡಿಕೊಡಿ ಮೇಡಂ’ ಎಂದರು ಹೆಡ್‌ಮಿಸ್.

ಹಿಂದಿನ ಬೆಂಚಿನಲ್ಲಿ ಕೂತೆ. ನೆತ್ತಿಯ ಮೇಲೊಂದು ಫ್ಯಾನು. ಪ್ರತಿ ಸುತ್ತಿಗೂ ಟಕ್, ಹಿಂದೆಯೇ ಕಿರ್ರ್. ಪಕ್ಕದಲ್ಲಿ ಮಿಣುಕುವ ಟ್ಯೂಬ್‌ಲೈಟು. ಟೀಚರು ಕಳೆಯುವ ಲೆಕ್ಕ ಹೇಳುತ್ತಿದ್ದರು. ನನಗೆ ಕೇಳಿದ್ದು ಬರೀ ಟಕ್, ಕಿರ್ರ್. ಸ್ವಲ್ಪ ಹೊತ್ತಿಗೆ ನಾನೂ ಬೆಂಚಿನ ಕೆಳಗಿನ ಜಾಗದ ಮೇಲೆ ಕಣ್ಣುಹಾಕಿದೆ. ಅಲ್ಲಿದ್ದ ಹುಡುಗ ಸುಮ್ಮನೆ ಒಂದಿಷ್ಟು ಪಕ್ಕಕ್ಕೆ ಸರಿದ.

‘ಫ್ಯಾನಿಗೆ ಎಣ್ಣೆ. ಹೊಸ ಟ್ಯೂಬು. ಹುಡುಗನಿಗೆ ಬಾಗಿಲ ಪಕ್ಕದ ಜಾಗ’ ಎಂದು ರಿಪೋರ್ಟು ಬರೆದುಕೊಟ್ಟೆ. ಹೆಡ್‌ಮಿಸ್ ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

‘ಥೆರಪಿ ಎಲ್ಲಿ ಮೇಡಂ?’

‘ಫ್ಯಾನಿಗೇ.’

ಎಲೆಕ್ಟ್ರಿಷಿಯನ್ ನನ್ನ ಫೀಜಿನ ಕಾಲುಭಾಗಕ್ಕೆ ಕೆಲಸ ಮುಗಿಸಿದ ಎಂದು ಆಮೇಲೆ ಫೋನಿನಲ್ಲಿ ಹೇಳಿದರು. ದನಿಯಲ್ಲಿ ಕೃತಜ್ಞತೆ ಇರಲಿಲ್ಲ. ಹುಡುಗ ಈಗಲೂ ಸ್ಟೇಷನ್ ಹೆಸರು ಹೇಳುತ್ತಾನೆ, ಬೆಂಚಿನ ಮೇಲೆ ಕೂತು.

ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ನೇ ಮಾನ್ಯತೆ ಪಡೆದ ಶಾಲೆಗಳಿಗೆ ಹೇಳುತ್ತದೆ. ಫ್ಯಾನಿನ ಎಣ್ಣೆಯೂ ಅದರೊಳಗೇ ಬರುತ್ತದೆಂದು ನನ್ನ ವಾದ. ಹಳೆಯ ಕಾಯ್ದೆಯ 7 ವೈಕಲ್ಯಗಳ ಪಟ್ಟಿ ಇದರಲ್ಲಿ 21 ಆಯಿತು; ಆಟಿಸಂ ಒಳಗೆ ಬಂತು, ಎಡಿಎಚ್‌ಡಿ ಹೊರಗುಳಿಯಿತು. ಅರ್ಜಿ ಹಾಕಲು ಮರೆತಿರಬೇಕು, ನಮ್ಮವರಿಗೆ ಅದು ಸಹಜ.

ಆಟಿಸಮ್ಮಿಗೆ ಸರ್ಟಿಫಿಕೇಟು ಕೊಡಲು ಐಎಸ್‌ಎಎ ಎಂಬ ಅಳತೆ ಇದೆ. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ; ಒಟ್ಟು 70 ಮುಟ್ಟಿದರೆ ಆಟಿಸಂ. ಇದರಲ್ಲಿ ಯಾರೂ ಸೊನ್ನೆ ತೆಗೆಯುವಂತಿಲ್ಲ. ‘ನಮ್ಮ ವಂಶದಲ್ಲೇ ಇಂಥದ್ದಿಲ್ಲ’ ಎನ್ನುವವರಿಗೂ 40 ಗ್ಯಾರಂಟಿ.

ಹುಡುಗನ ಮನೆಗೆ ಹೋದಾಗ, ಹಾಗೆಂದೇ ವಾದಿಸುತ್ತಿದ್ದ ಅವನ ಅಜ್ಜಿಗೆ ಈ ಲೆಕ್ಕ ಹೇಳಿದೆ. ಅವರು ಒಮ್ಮೆ ನಡುಮನೆಯ ಕಡೆ ನೋಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

‘ನಮ್ಮ ಯಜಮಾನ್ರಿಗೆ ದಿನಾ ಅದೇ ಲೋಟದಲ್ಲೇ ಕಾಫಿ ಆಗ್ಬೇಕು. ಅವರಿಗಿಂತ ಮುಂಚೆ ಯಾರಾದ್ರೂ ಪೇಪರ್ ಬಿಡಿಸಿದ್ರೆ ರಾತ್ರಿ ತನಕ ಮಾತಿಲ್ಲ. ಮದುವೆ ಆದಾಗಿಂದ ನೋಡ್ತಾ ಇದೀನಿ. ಅವರಿಗೆ ಎಷ್ಟು ಮಾರ್ಕ್ಸ್ ಬರತ್ತೆ, ಸ್ವಲ್ಪ ನೋಡಿ ಹೇಳಮ್ಮ.’