ಕೋಡಿ ಬಿದ್ದ ಸಾರು

ಚಳಿಗಾಲದ ಮಧ್ಯಾಹ್ನ ನೀರಿನ ದಡದಲ್ಲಿ ಕೂತು ನಿಧಾನವಾಗಿ ಊಟ ಮಾಡಬೇಕೆಂದರೆ ಬೆಂಗಳೂರಿನ ಎನ್.ಆರ್. ಕಾಲೋನಿಗಿಂತ ಪ್ರಶಸ್ತವಾದ ಜಾಗ ಇನ್ನೊಂದಿಲ್ಲ ಎಂಬುದು ನನ್ನ ವಾದ. ಅಲ್ಲಿ ನೀರೆಲ್ಲಿದೆ, ದಡವೆಲ್ಲಿದೆ ಎಂದು ಕೇಳುವವರು ಕೇಳಲಿ. ವಾದಕ್ಕಿಳಿದವರಿಗೆ ಅಷ್ಟು ಸಣ್ಣ ಕೊರತೆ ಅಡ್ಡಿಯಾಗಬಾರದು. ಮಲ್ಪೆಗೋ ಕಬಿನಿ ಹಿನ್ನೀರಿಗೋ ಹೋಗುವವರು ನೀರನ್ನು ಹುಡುಕಿಕೊಂಡು ಹೋಗುತ್ತಾರೆ. ನಮ್ಮಲ್ಲಿ ನೀರೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ಸುಮಾರು 100 ಕಿಲೋಮೀಟರ್ ನಡೆದು, ಮೂರು ಕಡೆ ಪಂಪಿನ ಕೈ ಹಿಡಿದು, ಹೆಚ್ಚುಕಡಿಮೆ 500 ಮೀಟರ್ ಎತ್ತರ ಹತ್ತಿ ಬಂದು ನಮ್ಮ ಸಂಪಿಗೆ ಬೀಳುತ್ತಾಳೆ. ಅಷ್ಟು ಏದುಸಿರು ಬಿಟ್ಟು ಮನೆಗೆ ಬಂದವಳನ್ನು ಬಿಟ್ಟು, ಅವಳನ್ನೇ ನೋಡಲು ಕಾರು ತೆಗೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗುವುದು ಯಾವ ಮರ್ಯಾದೆ?

ನೀರು ಬೇಕಾಗಿರುವುದು ಕುಡಿಯುವುದಕ್ಕಲ್ಲ, ನೋಡುವುದಕ್ಕೆ ಎನ್ನುತ್ತಾರೆ. ನೋಡುವ ಚಟವೇ ಊಟದ ಶತ್ರು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ. ಅಲ್ಲಿ ಕಾಣುವ ರಮ್ಯ ದೃಶ್ಯವೆಂದರೆ ಕೈತುಂಬ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಮಾಣಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ನಿಂತುಕೊಂಡು ತಿನ್ನುವವರಿಗೆ ಕಾಣುವುದು ಮುಂದಿನವರ ಬೆನ್ನು. ಸರೋವರ ಕಾಣಲಿಲ್ಲವೆಂದು ಯಾರೂ ಇಡ್ಲಿ ವಾಪಸು ಕೊಟ್ಟಿಲ್ಲ. ದಡದ ಹೋಟೆಲಿನಲ್ಲಾದರೆ ಮೊದಲ ತುತ್ತು ಫೋನಿಗೆ. ಅದು ಎಡದಿಂದ, ಬಲದಿಂದ, ನೆತ್ತಿಯಿಂದ ಉಂಡು ತೃಪ್ತಿಪಡುವ ಹೊತ್ತಿಗೆ ಪಲ್ಯ ತಣ್ಣಗಾಗಿರುತ್ತದೆ, ಜೊತೆಗೆ ಕೂತವರ ಮುಖವೂ. ಇನ್ನು ಚಳಿ. ಡಿಸೆಂಬರ್ ಮಧ್ಯಾಹ್ನ 26, 27 ಡಿಗ್ರಿ ಇರುವ ಊರಿನಲ್ಲಿ ಚಳಿಯೆಂಬುದು ಮಂಕಿ ಕ್ಯಾಪ್ ಧರಿಸಿ ಒಪ್ಪಿಕೊಳ್ಳಬೇಕಾದ ನಂಬಿಕೆ.

ಆದರೆ ನೀವು ಹೇಳಿದ್ದೆಲ್ಲ ತಿಂಡಿಯ ಮಾತು, ಊಟವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಬಾಳೆಲೆಯೇ ಉತ್ತರ. ಅನ್ನ ಬಡಿಸಿದವರು ಮುಂದೆ ಹೋದರು, ಹಿಂದೆಯೇ ತಿಳಿಸಾರಿನ ಬಕೆಟ್ಟು ಬರುತ್ತಿದೆ. ಆ ಹತ್ತು ಸೆಕೆಂಡಿನಲ್ಲಿ ಉಣ್ಣುವ ಪ್ರತಿಯೊಬ್ಬರೂ ಕೆಂಪೇಗೌಡರೇ. ಅನ್ನದ ಗುಡ್ಡ ಒಡೆದು, ನಡುವೆ ಗುಳಿ ತೋಡಿ, ಸುತ್ತ ಏರಿ ಕಟ್ಟಿ ಮುಗಿಸಬೇಕು. ಟೆಂಡರಿಲ್ಲ, ಎಸ್ಟಿಮೇಟಿಲ್ಲ, ಭೂಸ್ವಾಧೀನಕ್ಕೆ ತಕರಾರು ತೆಗೆಯುವುದು ಪಕ್ಕದ ಕೋಸಂಬರಿ ಮಾತ್ರ. ಸೌಟು ಬಾಗಿತು, ಕೆರೆ ತುಂಬಿತು, ಮೇಲೊಂದು ಮಿಳ್ಳೆ ತುಪ್ಪ ಬಿದ್ದು ಬಾಗಿನವೂ ಆಯಿತು. ತಳದಲ್ಲಿ ಬೇಳೆಯ ಹೂಳು, ಮೇಲೆ ಕರಿಬೇವಿನ ತೆಪ್ಪ, ದಡದುದ್ದಕ್ಕೂ ಸಾಸಿವೆಯ ಜನಸಂದಣಿ, ಎಲ್ಲದರ ಮೇಲೆ ಹಬೆಯ ಮಂಜು. ಇನ್ನು ಕಲಸಬೇಕು, ಬೆರಳಿಟ್ಟರೆ ಸುಡುತ್ತದೆ, ಇಡದಿದ್ದರೆ ಏರಿ ನೆನೆಯುತ್ತದೆ. ಎಡಗೈಯನ್ನು ಸಹಾಯಕ್ಕೆ ಕರೆಯುವಂತಿಲ್ಲ. ಬಾಳೆಲೆಯ ನರಗಳು ನಡುದಿಂಡಿನಿಂದ ಹೊರಟು ನೆಟ್ಟಗೆ ಉಣ್ಣುವವರ ಕಡೆಗೇ ಹರಿಯುತ್ತವೆ. ಸೃಷ್ಟಿಕರ್ತನೇ ತೋಡಿಟ್ಟ ರಾಜಕಾಲುವೆಗಳು. ಹಾಗಾಗಿ ಏರಿ ಎಲ್ಲಿ ಬಿರಿದರೂ ಸಾರು ಮೊದಲು ಪಾಯಸದ ಯೋಗಕ್ಷೇಮ ವಿಚಾರಿಸಿ, ಎಲೆಯಂಚಿಗೆ ಬಂದು ಒಂದು ಗಳಿಗೆ ನಿಂತು, ಮೇಜಿಗೆ ಹಾಸಿದ ಕಾಗದವನ್ನು ಪರೀಕ್ಷಿಸಿ, ತೇರ್ಗಡೆ ಮಾಡದೆ, ಇಸ್ತ್ರಿ ಮಾಡಿದ ಪಂಚೆಯ ಮೇಲೆ ಕೋಡಿ ಬೀಳುತ್ತದೆ. ನೀರಿಗೆ ಇಷ್ಟು ಹತ್ತಿರ ಯಾವ ರೆಸಾರ್ಟು ಮೇಜು ಹಾಕಿಕೊಟ್ಟೀತು?

ಧನುರ್ಮಾಸದಲ್ಲಿ ಮದುವೆಗಳಿಲ್ಲವಲ್ಲ, ಎಲೆ ಎಲ್ಲಿ ಹಾಕಿಸುತ್ತೀರಿ ಎಂದರೆ, ಸಂಕ್ರಾಂತಿ ಕಳೆಯಲಿ. ಅಲ್ಲಿಯವರೆಗೆ ಮನೆಯಲ್ಲಿ ಹಿತಕಿದ ಬೇಳೆಯ ಸಾರಿದೆ. ರುಚಿಗೆ ಸಾಟಿಯಿಲ್ಲ, ಆದರೆ ಗಟ್ಟಿ. ಏರಿ ಒಡೆಯುವ ರೋಮಾಂಚ ಅದರಲ್ಲಿಲ್ಲ.

ಕಟ್ಟುವ ಕೌಶಲ ನಮಗೆ ಹೀಗೆ ಅಂಗೈಯಲ್ಲಿ ಉಳಿದಿದೆ, ಎಲೆಯಾಚೆ ಉಳಿದಿಲ್ಲ. ಹಿಂದಿನವರು ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಸೇರುವಂತೆ ಕಟ್ಟಿದ್ದರು. ಈಗ ಧರ್ಮಾಂಬುಧಿಯಲ್ಲಿ ಬಸ್ಸುಗಳು ನಿಲ್ಲುತ್ತವೆ, ಸಂಪಂಗಿ ಕೆರೆಯಲ್ಲಿ ಓಟದ ಪಂದ್ಯ ನಡೆಯುತ್ತದೆ. ಕಾಲೋನಿಯಿಂದ ನಡೆದೇ ಹೋಗಬಹುದಾದ ದೊಡ್ಡ ಬಸವನ ಪಾದದಡಿ ಹುಟ್ಟುತ್ತಾಳೆಂದು ನಂಬಿದ ವೃಷಭಾವತಿ ಮೈಸೂರು ರಸ್ತೆ ಮುಟ್ಟುವಷ್ಟರಲ್ಲಿ, ಬಸ್ಸಿನವರು ಕಿಟಕಿ ಮುಚ್ಚುತ್ತಾರೆ. ಅವಳ ದಡದಲ್ಲಿ ಎಲೆ ಹಾಕಿ ಬಡಿಸುತ್ತೇವೆಂದರೆ ನಮ್ಮ ವಾದಿಗಳು ಕೂತಾರೆಯೇ? ಎನ್.ಆರ್. ಕಾಲೋನಿಗೆ ನದಿಯೊಂದು ನಿಜಕ್ಕೂ ನೆಂಟಳಾಗಿದ್ದಳು; ಅವಳನ್ನು ಮೋರಿ ಮಾಡಿ, ನೂರು ಕಿಲೋಮೀಟರ್ ಆಚೆಯವಳನ್ನು ಪಂಪು ಹಾಕಿ ಕರೆಸಿಕೊಂಡಿದ್ದೇವೆ. ನನ್ನ ವಾದದಲ್ಲಿ ತೂತಿರುವುದು ಇಲ್ಲೇ, ಮತ್ತು ಅದನ್ನು ಮುಚ್ಚಲು ಎಷ್ಟು ಅನ್ನ ಮೆತ್ತಿದರೂ ಸಾಲದು.

ಅಷ್ಟರಲ್ಲಿ ಬಕೆಟ್ಟು ಎರಡನೇ ಸುತ್ತಿಗೆ ಬಂದಿರುತ್ತದೆ. ಸಾರು, ಸಾರು, ಸಾರು. ಬೇಡವೆನ್ನಲು ಎಲೆಗೆ ಅಡ್ಡ ಹಿಡಿಯಬೇಕಾದ ಕೈ, ಯಾರನ್ನೂ ಕೇಳದೆ, ಗುಳಿ ತೋಡುತ್ತಿರುತ್ತದೆ.