ಡಿಫೆನ್ಸಿಗೆ ಒಂದು ಎಮ್ಮೆ

ಕುಂಬಾರವಾಡದಲ್ಲಿ ಫುಟ್‌ಬಾಲ್ ಅಭಿಮಾನಿಯಾಗುವುದೆಂದರೆ ಎರಡು ಮನೆಗೆ ಒಬ್ಬನೇ ಅಳಿಯನಾದ ಹಾಗೆ. ರಾಜ್ಯದ ಲೆಕ್ಕದಲ್ಲಿ ಬೆಂಗಳೂರು ಎಫ್‌ಸಿ ನಮ್ಮದು. ದಾರಿಯ ಲೆಕ್ಕದಲ್ಲಿ, ಮನೆಮಾತು ಕೊಂಕಣಿಯ ಲೆಕ್ಕದಲ್ಲಿ ಗೋವಾವೇ ಹತ್ತಿರ. ನಾನು ಗೆದ್ದವರ ಮನೆಯಲ್ಲಿ ಉಣ್ಣುವವನು: ಒಂದು ವಾರ ನೀಲಿ ಅಂಗಿ, ಇನ್ನೊಂದು ವಾರ ಕಿತ್ತಳೆ.

2019ರ ಮಾರ್ಚ್ 17ರಂದು ಐಎಸ್‌ಎಲ್ ಫೈನಲ್‌ನಲ್ಲಿ ಇಬ್ಬರೂ ಎದುರುಬದುರಾದರು. ಯಾವ ಅಂಗಿಯೆಂದು ತೋಚದೆ, ಸಿಗ್ನಲ್ ಸಿಗುವ ದಿಣ್ಣೆಯ ಮೇಲೆ ಬನಿಯನ್ನಿನಲ್ಲೇ ಕೂತೆ. ಸೊಳ್ಳೆಗಳಿಗೆ ಪಕ್ಷಭೇದವಿರಲಿಲ್ಲ.

ನನ್ನದು ಅಪ್ಪಟ ದಾಳಿಯ ಪಂಥ. ಲೊಬೆರಾ ಕೋಚ್ ಆಗಿದ್ದ ಗೋವಾ, ಆ ಸೀಸನ್‌ನಲ್ಲಿ 16 ಗೋಲು ಹೊಡೆದ ಕೊರೊ: ಇದು ಆಟ! ‘ಡಿಫೆಂಡರ್ ಅಂದ್ರೆ ಮದುವೆ ಮನೇಲಿ ಚಪ್ಪಲಿ ಕಾಯೋನು’ ಎಂದು ಪಕ್ಕದಲ್ಲಿದ್ದ ಹುಡುಗರಿಗೆ ಉಪದೇಶಿಸುತ್ತಿದ್ದೆ. 117ನೇ ನಿಮಿಷ, ಬೆಂಗಳೂರಿಗೆ ಕಾರ್ನರ್. ಚಪ್ಪಲಿ ಕಾಯುವ ರಾಹುಲ್ ಭೇಕೆ ಎದ್ದುಬಂದು ತಲೆ ಕೊಟ್ಟ. 1-0. ಕಪ್ ಬೆಂಗಳೂರಿಗೆ.

ಬುದ್ಧಿಯಿದ್ದವರು ಡಿಫೆಂಡರ್‌ಗೆ ಕೈಮುಗಿಯುತ್ತಿದ್ದರು. ನನಗೆ ಹೊಳೆದದ್ದೇ ಬೇರೆ. ಡಿಫೆಂಡರ್ ಮುಂದೆ ಹೋದರೇ ಗೋಲಾಗುವುದಾದರೆ, ಅವರನ್ನು ಹಿಂದೆ ಇಟ್ಟುಕೊಳ್ಳುವುದು ಯಾಕೆ?

ಮುಂದಿನ ಭಾನುವಾರ ಕೊಯ್ಲಾದ ಗದ್ದೆಯಲ್ಲಿ ಪಕ್ಕದ ಕೇರಿಯವರ ಜೊತೆ ಪಂದ್ಯ. ನಾನೇ ಕೋಚ್. ಹನ್ನೊಂದೂ ಜನ ಮುಂದೆ! ನಮ್ಮ ಗೋಲಿಯೂ ಎದುರಾಳಿಯ ಗೋಲಿನ ಮುಂದೆ ಕವಳ ಜಗಿಯುತ್ತ ನಿಂತ. ಚೆಂಡಿನ ಸುತ್ತ ಜಾತ್ರೆ; ನಮ್ಮವರ ಕಾಲಿಗೆ ನಮ್ಮವರದೇ ಒದೆ. ಆ ಗದ್ದಲದಿಂದ ಹೊರಬಿದ್ದ ಚೆಂಡನ್ನು ಅವರ ಕಡೆಯ ಪೋರನೊಬ್ಬ ತಳ್ಳಿಕೊಂಡು ಹೊರಟ. ಅವಸರವೇ ಇಲ್ಲ. ನಡುದಾರಿಯಲ್ಲಿ ನಿಂತು ಲುಂಗಿ ಬಿಗಿದುಕೊಂಡ, ಆಮೇಲೆ ಗೋಲು ಹೊಡೆದ. ಹೀಗೆ ನಾಲ್ಕು ಸಲ.

ಐದನೆಯದು ಗೋಲಾಗಲಿಲ್ಲ. ಕೂಳೆ ಮೇಯುತ್ತ ಬಂದ ಎಮ್ಮೆಯೊಂದು ನಮ್ಮ ಎರಡು ಕೋಲುಗಳ ನಡುವೆ ಅಡ್ಡ ನಿಂತಿತ್ತು. ಚೆಂಡು ಹೊಟ್ಟೆಗೆ ಬಡಿದು ವಾಪಸ್. ಮತ್ತೊಮ್ಮೆ, ಮಗದೊಮ್ಮೆ. ತಲೆ ಎತ್ತಿಯೂ ನೋಡಲಿಲ್ಲ ಪುಣ್ಯಾತ್ಗಿತ್ತಿ. ನನ್ನ ಮಾತು ಕೇಳದೆ ಹಿಂದೆ ನಿಂತ ಏಕೈಕ ಆಟಗಾರ್ತಿ.

ಅರ್ಧ ಆಟ ಮುಗಿಯುವಷ್ಟರಲ್ಲಿ ಎಮ್ಮೆಯ ಒಡತಿ ಹಗ್ಗ ಹಿಡಿದು ಬಂದಳು. ಹಾಲು ಕರೆಯುವ ಹೊತ್ತಂತೆ. ಎಷ್ಟು ಅಂಗಲಾಚಿದರೂ ಬಿಡಲಿಲ್ಲ.

‘ಈಗ ಆ ಜಾಗಕ್ಕೆ ಯಾರು?’ ಎಂದ ನಮ್ಮ ಗೋಲಿ. ಹುಡುಗರೆಲ್ಲ ಒಮ್ಮೆ ನನ್ನ ಹೊಟ್ಟೆಯನ್ನು ನೋಡಿದರು.